ಕೊನೆಯ ನಲ್ಲಿಯ ಒತ್ತಡ

ದಕ್ಷಿಣ ಬೆಂಗಳೂರಿನ ನಕ್ಷೆಯಲ್ಲಿ ಆಡುಗೋಡಿ, ಜಯನಗರ ಒಂಬತ್ತನೇ ಬ್ಲಾಕು, ಬನಶಂಕರಿ ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಸಿಗುವ ತ್ರಿಕೋನ ತೀರ ಚಿಕ್ಕದು. ಅಷ್ಟರೊಳಗೆ ಮೂರು ದ್ರವಗಳ ಒತ್ತಡ ದಶಕಗಳಿಂದ ಜನರ ಬದುಕನ್ನು ನಡೆಸಿಕೊಂಡು ಬಂದಿದೆ. ಆಡುಗೋಡಿಯ ಹಳೆಯ ಮೈಕೊ ಕಾರ್ಖಾನೆಯಲ್ಲಿ ಡೀಸೆಲ್, ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯಲ್ಲಿ ರಕ್ತ, ಕನಕಪುರ ರಸ್ತೆಯ ಗುಂಟ ಹಾಸಿದ ಕೊಳವೆಗಳಲ್ಲಿ ಕಾವೇರಿ ನೀರು. ಇವುಗಳಲ್ಲಿ ಮೊದಲಿನ ಎರಡರ ಒತ್ತಡ ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು ಯಾರೋ ಒಬ್ಬರ ಕಣ್ಣ ಮುಂದೆ ಅಂಕಿಯಾಗಿ ಮೂಡತೊಡಗಿ ಬಹಳ ಕಾಲವಾಯಿತು. ಮೂರನೆಯದು, ಅಂದರೆ ಮನೆ ಮುಂದಿನ ನಲ್ಲಿಗೆ ಬರುವ ನೀರಿನ ಒತ್ತಡ, ಬಹುಪಾಲು ಬೀದಿಗಳಲ್ಲಿ ಇವತ್ತಿಗೂ ಯಾವ ದಾಖಲೆಗೂ ಸೇರದು. ತಂತ್ರಜ್ಞಾನ ತಡವಾಗಿ ಬಂದದ್ದರಿಂದ ಹೀಗಾಯಿತು ಎನ್ನುವುದು ಸುಲಭದ ಉತ್ತರ. ಆದರೆ ಒತ್ತಡವನ್ನು ವಿದ್ಯುತ್ತಾಗಿಸುವ ಸೂಕ್ಷ್ಮ ಉಪಕರಣಗಳನ್ನು ಈ ನಗರ 1970ರ ದಶಕದಲ್ಲೇ ತಯಾರಿಸಿ ಯುರೋಪಿಗೆ ಕಳಿಸಿತ್ತು. ಹಾಗಾಗಿ ಈ ಕಸುಬಿನ ಇತಿಹಾಸವನ್ನು ಬೇರೆ ರೀತಿಯಲ್ಲಿ ಓದಬೇಕು ಎಂಬುದು ನನ್ನ ವಾದ. ಒತ್ತಡ ಕೈಕೊಟ್ಟಾಗ ನಷ್ಟ ಯಾರ ತಲೆಗೆ ಬರುತ್ತದೆ ಎಂಬ ಪ್ರಶ್ನೆಯೇ ಅಳತೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿತು.

ನೀರನ್ನು ಅಳೆದು ಹಂಚುವ ಕೆಲಸ ಈ ಸೀಮೆಗೆ ಹೊಸದಲ್ಲ. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದ ನೀರುಗಂಟಿ ಹಳೆಯ ಮೈಸೂರಿನ ಊರೂರಲ್ಲೂ ಇದ್ದ. ಆದರೆ ಅವನ ನೀರು ತೆರೆದ ಕಾಲುವೆಯದು, ಇಳಿಜಾರಿನಲ್ಲಿ ಕಣ್ಣಿಗೆ ಕಾಣುವಂತೆ ಹರಿಯುವುದು. ಮುಚ್ಚಿದ ಕೊಳವೆಯೊಳಗಿನ ನೀರು ಹಾಗಲ್ಲ, ಅದರ ಬಲ ಹೊರಗೆ ಕಾಣುವುದಿಲ್ಲ. ಹೆಸರಘಟ್ಟದ ಕೆರೆಯಿಂದ ಸೋಲದೇವನಹಳ್ಳಿಯ ಉಗಿಯಂತ್ರಗಳು ನೀರೆತ್ತಿ 1896ರಲ್ಲಿ ಬೆಂಗಳೂರಿಗೆ ಕೊಳವೆ ನೀರು ಬಂದಾಗ, ಈ ಕಾಣದ ಬಲವನ್ನು ಕಾಣಿಸಲು ಆಗಲೇ ಒಂದು ಸಾಧನ ಜಗತ್ತಿನಲ್ಲಿ ಚಾಲ್ತಿಯಲ್ಲಿತ್ತು. ಪ್ಯಾರಿಸ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಗೇಜ್ ಅದು. ಚಪ್ಪಟೆ ಮಾಡಿ ಬಗ್ಗಿಸಿದ ಹಿತ್ತಾಳೆ ಕೊಳವೆಯೊಳಗೆ ಒತ್ತಡ ಏರಿದಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ. ಅದರ ತುದಿಯ ಆ ಸಣ್ಣ ಚಲನೆಯನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಇಂದಿಗೂ ಗ್ಯಾಸ್ ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಮೇಲೆ, ಅಪಾರ್ಟ್‌ಮೆಂಟಿನ ಬೆಂಕಿ ನಂದಿಸುವ ಪಂಪಿನ ಮೇಲೆ ಇರುವುದು ಅದೇ. ನಿಖರತೆಯಲ್ಲಿ ಅದಕ್ಕೆ ದೊಡ್ಡ ಕೊರತೆಯಿಲ್ಲ, ಅದರ ಮಿತಿ ಬೇರೆ: ಮುಳ್ಳನ್ನು ನೋಡಲು ಒಬ್ಬ ಮನುಷ್ಯ ಅದರ ಮುಂದೆ ನಿಂತಿರಬೇಕು. ಉರಿಯುವ ರಾಕೆಟ್ ಎಂಜಿನ್ನಿನ ಪಕ್ಕದಲ್ಲಿ ಯಾರೂ ನಿಲ್ಲಲಾರರು, ಸಿಲಿಂಡರಿನೊಳಗೆ ಸಾವಿರದಲ್ಲೊಂದು ಸೆಕೆಂಡಿನಲ್ಲಿ ಏರಿ ಇಳಿಯುವ ಒತ್ತಡದ ಹಿಂದೆ ಮುಳ್ಳು ಓಡಲಾರದು.

ಮುಳ್ಳಿನಿಂದ ತಂತಿಗೆ ದಾರಿ ತೆರೆದದ್ದು ಒಂದು ಸರಳ ಸಂಗತಿ. ಲೋಹದ ತಂತಿಯನ್ನು ಎಳೆದರೆ ಅದು ಉದ್ದವಾಗಿ ತೆಳ್ಳಗಾಗುತ್ತದೆ, ಅದರ ಜತೆಗೆ ವಿದ್ಯುತ್ತಿಗೆ ಅದು ಒಡ್ಡುವ ರೋಧವೂ ಹೆಚ್ಚುತ್ತದೆ. ತಾಮ್ರ ಮತ್ತು ಕಬ್ಬಿಣದ ತಂತಿಗಳಲ್ಲಿ ಇದನ್ನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, 1856ರಲ್ಲಿ ತೋರಿಸಿಕೊಟ್ಟರು. ಆ ಅರಿವು ಎಂಬತ್ತು ವರ್ಷ ಹಾಗೇ ಬಿದ್ದಿತ್ತು. 1930ರ ದಶಕದ ಕೊನೆಯಲ್ಲಿ ಅಮೆರಿಕದ ಇಬ್ಬರು, ಕ್ಯಾಲ್ಟೆಕ್‌ನ ಎಡ್ವರ್ಡ್ ಸಿಮನ್ಸ್ ಮತ್ತು ಎಂಐಟಿಯ ಆರ್ಥರ್ ರೂಗೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಕೂದಲೆಳೆಯಂಥ ತಂತಿಯನ್ನು ಲೋಹದ ಮೇಲೆ ಅಂಟಿಸಿ, ಲೋಹ ಹಿಗ್ಗಿದಷ್ಟೇ ತಂತಿಯೂ ಹಿಗ್ಗುವಂತೆ ಮಾಡಿದರು. ಸ್ಟ್ರೇನ್ ಗೇಜ್ ಹುಟ್ಟಿದ್ದು ಹೀಗೆ. ರೂಗೆ ಆಗ ತಲೆಕೆಡಿಸಿಕೊಂಡಿದ್ದ ಪ್ರಶ್ನೆ ಭೂಕಂಪವಾದರೆ ಎತ್ತರದ ನೀರಿನ ಟ್ಯಾಂಕುಗಳ ಗತಿ ಏನು ಎಂಬುದು. ಟ್ಯಾಂಕಿನ ಮಾದರಿಯೊಂದರ ತೆಳು ಗೋಡೆಯ ಬಿಗಿತವನ್ನು ಅಳೆಯಲು ಇದ್ದ ಉಪಕರಣಗಳೆಲ್ಲ ಸೋತಾಗ ಅವರು ತಂತಿ ಅಂಟಿಸಿದರು. ಮುಂದೆ ವಿಮಾನ, ರಾಕೆಟ್, ಕಾರುಗಳ ಕೆಲಸಕ್ಕೆ ಹೋದ ಈ ಕಲೆ ನೀರಿನ ಟ್ಯಾಂಕಿನ ಬಳಿ ಶುರುವಾಯಿತು ಎಂಬುದನ್ನು ಈ ಬರಹದ ಕೊನೆಯವರೆಗೂ ಮರೆಯಬಾರದು.

ಈ ಗೇಜುಗಳಿಂದ ಒತ್ತಡವನ್ನು ಅಳೆಯುವ ಉಪಕರಣದ, ಅಂದರೆ ಒತ್ತಡ ಟ್ರಾನ್ಸ್‌ಡ್ಯೂಸರಿನ, ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಉಕ್ಕಿನ ಬಟ್ಟಲು, ಅದರ ಬಾಯಿಗೆ ತಮಟೆಯ ಚರ್ಮದಂತೆ ಬಿಗಿದ ತೆಳು ಉಕ್ಕಿನ ಪೊರೆ. ಒಂದು ಬದಿಯಿಂದ ದ್ರವ ಅದನ್ನು ಒತ್ತುತ್ತದೆ. ಇನ್ನೊಂದು ಬದಿ ಒಣಗಿರುತ್ತದೆ, ಗೇಜುಗಳು ಅಂಟಿರುವುದು ಅಲ್ಲಿ. ಪೊರೆ ಉಬ್ಬಿದಾಗ ಒಣ ಬದಿಯ ನಡುಭಾಗ ಹಿಗ್ಗುತ್ತದೆ, ಅಂಚಿನ ಭಾಗ ಕುಗ್ಗುತ್ತದೆ. ನಡುವೆ ಎರಡು ಗೇಜು, ಅಂಚಿನಲ್ಲಿ ಎರಡು ಗೇಜು ಇಟ್ಟು ನಾಲ್ಕನ್ನೂ ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿದರೆ, ಎರಡರ ರೋಧ ಏರುವಾಗ ಉಳಿದೆರಡರದು ಇಳಿದು ಸೇತುವೆಯ ಸಮತೋಲ ತಪ್ಪುತ್ತದೆ, ಆ ತಪ್ಪಿದ ಪ್ರಮಾಣವೇ ಸಂಕೇತ. ಬಿಸಿಲಿಗೆ ಕಾದು ನಾಲ್ಕರ ರೋಧವೂ ಒಟ್ಟಿಗೆ ಏರಿದರೆ ಸಮತೋಲ ಹಾಗೇ ಉಳಿಯುತ್ತದೆ, ಅಂದರೆ ತಾಪದ ಗದ್ದಲವನ್ನು ಸೇತುವೆ ತಾನೇ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಲೆಕ್ಕ ಎಷ್ಟು ಸಣ್ಣದು ಗೊತ್ತೆ? ಪೊರೆಯ ಮೈ ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ 350 ಓಮ್‌ನ ಗೇಜಿನಲ್ಲಾಗುವ ಬದಲಾವಣೆ 0.7 ಓಮ್. ಸೇತುವೆಗೆ 10 ವೋಲ್ಟ್ ಕೊಟ್ಟರೆ ಹೊರಬರುವುದು 20 ಮಿಲಿವೋಲ್ಟ್. ಪೂರ್ಣ ಒತ್ತಡಕ್ಕೆ ಸಿಗುವುದೇ ಇಷ್ಟು. ಅದರಲ್ಲಿ ಸಾವಿರದ ಒಂದು ಪಾಲನ್ನು ನಂಬಿಕೆಯಿಂದ ಓದಬೇಕಾದರೆ ಅಂಟು ಒಂದಿಷ್ಟೂ ಜಾರಬಾರದು, ಬೆಸುಗೆಯಲ್ಲಿ ಬಿಗಿತ ಉಳಿದಿರಬಾರದು, ಪೊರೆ ಲಕ್ಷ ಸಲ ಉಬ್ಬಿ ತಗ್ಗಿದ ಮೇಲೂ ಮೊದಲಿನ ಜಾಗಕ್ಕೇ ಮರಳಬೇಕು. ಇದರಲ್ಲಿ ವಿದ್ಯುತ್ತಿನ ಪಾಲು ಕಡಿಮೆ. ಹೆಚ್ಚಿನದು ಲೋಹದ ಕಸುಬು, ಕೈಯ ಹದ, ತಾಳ್ಮೆ.

ಆ ಹದ ಬೆಂಗಳೂರಿನಲ್ಲಿತ್ತು ಎಂಬುದಕ್ಕೆ ಭಾರತದ ಬಾಹ್ಯಾಕಾಶ ಚರಿತ್ರೆಯಲ್ಲೇ ಗಟ್ಟಿ ಸಾಕ್ಷಿಯಿದೆ. ಸತೀಶ್ ಧವನ್ ಇಸ್ರೊ ಮುಖ್ಯಸ್ಥರಾಗಿದ್ದಾಗ, 1974ರಲ್ಲಿ, ಫ್ರಾನ್ಸಿನ ಎಸ್‌ಇಪಿ ಎಂಬ ರಾಕೆಟ್ ಎಂಜಿನ್ ಸಂಸ್ಥೆಯೊಂದಿಗೆ ಒಂದು ಒಪ್ಪಂದವಾಯಿತು. ವೈಕಿಂಗ್ ಎಂಬ ದ್ರವ ಇಂಧನದ ಎಂಜಿನ್ನಿನ ತಂತ್ರಜ್ಞಾನ ಭಾರತಕ್ಕೆ ಬರಬೇಕು, ಅದಕ್ಕೆ ಪ್ರತಿಯಾಗಿ ಭಾರತ ಹಣದ ಬದಲು ದುಡಿಮೆ ಕೊಡಬೇಕು. ಆ ದುಡಿಮೆಯ ಒಂದು ಪಾಲು ಫ್ರಾನ್ಸಿನಲ್ಲಿ ಭಾರತೀಯ ಎಂಜಿನಿಯರುಗಳ ನೂರು ಮಾನವ ವರ್ಷಗಳ ಕೆಲಸ. ಇನ್ನೊಂದು ಪಾಲು ಸಾವಿರಾರು ಒತ್ತಡ ಟ್ರಾನ್ಸ್‌ಡ್ಯೂಸರುಗಳು, ಬಾಹ್ಯಾಕಾಶದ ಗುಣಮಟ್ಟದವು, ಭಾರತದಲ್ಲಿ ತಯಾರಾಗಿ ಫ್ರಾನ್ಸಿಗೆ ಹೋಗಬೇಕಾದವು. ಅವನ್ನು ಮಾಡಿದ್ದು ಬೆಂಗಳೂರಿನಲ್ಲಿ. ಇಸ್ರೊದ ದ್ರವ ನೋದನ ಕೇಂದ್ರದ ಬೆಂಗಳೂರು ಘಟಕ, ನಗರದ ಪೂರ್ವದಲ್ಲಿ ಎಚ್‌ಎಎಲ್ ಎರಡನೇ ಹಂತದ ಬಳಿ, ಸಂವೇದಕಗಳ ಆ ಪರಂಪರೆಯನ್ನು ಇಂದಿಗೂ ಮುಂದುವರಿಸಿದೆ. ವೈಕಿಂಗ್‌ನಿಂದ ಬೆಳೆದ ವಿಕಾಸ್ ಎಂಜಿನ್ ಇಂದು ಪಿಎಸ್‌ಎಲ್‌ವಿಯ ಎರಡನೇ ಹಂತವನ್ನು, ಜಿಎಸ್‌ಎಲ್‌ವಿಯ ಹಲವು ಭಾಗಗಳನ್ನು ಎತ್ತುತ್ತದೆ. ಅದರ ದಹನ ಕೋಣೆಯೊಳಗಿನ ಒತ್ತಡ 50 ಬಾರ್‌ಗೂ ಮೇಲೆ, ಅಂದರೆ ಅರ್ಧ ಕಿಲೋಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿರುವಷ್ಟು. ಬೆಂಗಳೂರು ಸಾಫ್ಟ್‌ವೇರಿನಿಂದ ಜಗತ್ತಿಗೆ ಪರಿಚಯವಾದ ನಗರ ಎಂದು ಹೇಳುವ ಕತೆಯಲ್ಲಿ ಈ ಅಧ್ಯಾಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಒಂದು ರಾಕೆಟ್ ಎಂಜಿನ್ನಿನ ವಿದ್ಯೆಗೆ ಕೊಟ್ಟ ಬೆಲೆಯ ಒಂದು ಭಾಗ ಅಂಗೈಯೊಳಗೆ ಅಡಗುವಂಥ ಈ ಉಕ್ಕಿನ ಬಟ್ಟಲುಗಳಲ್ಲಿ ಸಂದಿತು ಎಂಬುದು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮಾತು.

ರಾಕೆಟ್ಟಿಗೆ ಇದು ಏಕೆ ಬೇಕಾಯಿತು ಎಂಬುದನ್ನು ಗಮನಿಸಿದರೆ ವಾದದ ಮೊದಲ ಎಳೆ ಸಿಗುತ್ತದೆ. ಎಂಜಿನ್ ಪರೀಕ್ಷೆಯಲ್ಲಿ ಕೋಣೆಯ ಒತ್ತಡ ಅಂದಾಜು ತಪ್ಪಿದರೆ ಕೆಲವೇ ಕ್ಷಣಗಳಲ್ಲಿ ಎಲ್ಲವೂ ಸ್ಫೋಟ. ನಷ್ಟ ಒಂದೇ ಸಂಸ್ಥೆಯದು, ಒಂದೇ ದಿನದ್ದು, ಮರೆಮಾಚಲು ಆಗದಂಥದ್ದು. ಅಳತೆಗೆ ಎಷ್ಟು ಖರ್ಚಾದರೂ ಅದು ಉಳಿತಾಯವೇ. ಆಡುಗೋಡಿಯಲ್ಲಿ ಇದೇ ತರ್ಕ ಬೇರೆ ವೇಷದಲ್ಲಿ ಕಾಣುತ್ತದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೊ, ಸ್ಪಾರ್ಕ್ ಪ್ಲಗ್ಗಿನ ಜತೆ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ಮಾಡಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಬಿಟಿಎಂ ಬಡಾವಣೆಯ ಒಂದು ಭಾಗ ಇಂದಿಗೂ ಮೈಕೊ ಲೇಔಟ್ ಎಂದೇ ಹೆಸರಾಗಿದೆ. ಪಂಪಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಮೈಕ್ರಾನ್‌ಗಳ ಲೆಕ್ಕದ್ದು. ಅಲ್ಲಿ ಎಣ್ಣೆ ಸೋರದಂತೆ ಕೂಡಿಸುವುದೇ ಒಂದು ತಲೆಮಾರಿನ ಕಾರ್ಮಿಕರ ಜೀವನದ ವಿದ್ಯೆಯಾಗಿತ್ತು. ನಾಝಲ್ ಎಷ್ಟು ಒತ್ತಡಕ್ಕೆ ಬಾಯಿ ಬಿಡುತ್ತದೆ ಎಂದು ನೋಡಲು ಕೈಪಂಪಿನ ಟೆಸ್ಟರ್, ಅದರ ಮೇಲೊಂದು ಮುಳ್ಳಿನ ಗೇಜು. ಹಳೆಯ ಎಂಜಿನ್ನುಗಳಿಗೆ 200 ಬಾರ್ ಆಸುಪಾಸಿನ ಆ ಅಂಕಿ ಸಾಕಾಗಿತ್ತು, ಊರಿನ ಪಂಪ್ ಮೆಕ್ಯಾನಿಕ್ಕುಗಳೆಲ್ಲ ಆ ಮುಳ್ಳನ್ನೇ ನಂಬಿ ಲಾರಿ, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿದರು.

ಮುಳ್ಳು ಸಾಲದೇ ಹೋದದ್ದು ಕಾಮನ್ ರೈಲ್ ಬಂದಾಗ. 1997ರಲ್ಲಿ ಮೈಕೊದ ಮಾತೃಸಂಸ್ಥೆಯಾದ ಬಾಷ್ ಕಂಪನಿಯ ಈ ಪದ್ಧತಿ ಕಾರುಗಳಿಗೆ ಬಂತು. ಡೀಸೆಲ್ಲನ್ನು 1,350 ಬಾರ್‌ವರೆಗೆ ಒತ್ತಿ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಶೇಖರಿಸಿಟ್ಟು, ಬೇಕಾದಾಗ ಬೇಕಾದಷ್ಟೇ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆ ಅದು. ಎಷ್ಟು ಹೊತ್ತು ಚಿಮ್ಮಿಸಬೇಕು ಎಂದು ಲೆಕ್ಕ ಹಾಕುವ ಕಂಪ್ಯೂಟರಿಗೆ ಕೊಳವೆಯೊಳಗಿನ ಒತ್ತಡ ಪ್ರತಿಕ್ಷಣ ಗೊತ್ತಿರಬೇಕು. ಹೀಗಾಗಿ ಆ ಕೊಳವೆಯ ಮೇಲೆ ಒಂದು ಸೆನ್ಸರ್ ಬಂತು: ಉಕ್ಕಿನ ಪೊರೆಯ ಮೇಲೆ ಅಂಟಿಲ್ಲದೆ ನೇರವಾಗಿ ಹೊದಿಸಿದ ತೆಳು ಲೋಹದ ಪದರದ ಗೇಜು, ಪಕ್ಕದಲ್ಲೇ ಸಂಕೇತವನ್ನು ಹಿಗ್ಗಿಸುವ ಚಿಪ್ಪು. ಅದರ ತಂತಿ ಕಿತ್ತುಹೋದರೆ ಗಾಡಿ ಬಲ ಕಳೆದುಕೊಂಡು ಕುಂಟುತ್ತದೆ, ಅಥವಾ ನಿಂತೇ ಹೋಗುತ್ತದೆ. ಇಲ್ಲೂ ನಷ್ಟ ಕೂಡಲೇ ಗೊತ್ತಾಗುವಂಥದ್ದು, ಅದನ್ನು ಹೊರಬೇಕಾದವರು ಗಾಡಿಯ ಮಾಲೀಕ ಮತ್ತು ಗಾಡಿ ಮಾಡಿದ ಕಂಪನಿ. ಇದರ ಜತೆಗೆ ಸರ್ಕಾರದ ಹೊಗೆ ನಿಯಮಗಳೂ ಕೈಜೋಡಿಸಿದವು. ಒತ್ತಡ ಸರಿಯಿಲ್ಲದೆ ಹೊಗೆ ಮಿತಿಯೊಳಗೆ ಬರುವುದಿಲ್ಲವಾದ್ದರಿಂದ ಅಳತೆ ಕಾನೂನಿನ ಬಲದಿಂದಲೇ ಪ್ರತಿ ಬಾನೆಟ್ಟಿನ ಕೆಳಗೆ ಸೇರಿತು. ಆಡುಗೋಡಿಯ ತಯಾರಿಕೆ ಮುಂದೆ ಬಿಡದಿಗೆ ಹೋಯಿತು, ಹಳೆಯ ಆವರಣ 2022ರಲ್ಲಿ ತಂತ್ರಜ್ಞಾನ ಕ್ಯಾಂಪಸ್ಸಾಗಿ ಉದ್ಘಾಟನೆಗೊಂಡಿತು.

ರಕ್ತದ ಮಾತಿಗೆ ಬಂದರೆ ಅಳತೆಯ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸಿಕ್ಕಿಸಿ ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು 1733ರಲ್ಲಿ ಪ್ರಕಟಿಸಿದ. ಇಂದು ಜಯದೇವದಂಥ ಹೃದ್ರೋಗ ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ ನಡೆಯುವುದೂ ಮೂಲದಲ್ಲಿ ಅದೇ: ರಕ್ತನಾಳದೊಳಗೆ ತೂರಿಸಿದ ಕ್ಯಾಥೆಟರ್, ಅದರ ತುಂಬ ಸಲೈನ್, ಇನ್ನೊಂದು ತುದಿಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಗೂಡಿನೊಳಗೆ ಸಿಲಿಕಾನ್ ಪೊರೆ. ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ 1954ರಲ್ಲಿ ಸಿಲಿಕಾನ್ ಮತ್ತು ಜರ್ಮೇನಿಯಂ ಎಳೆತಕ್ಕೆ ಲೋಹಕ್ಕಿಂತ ಹತ್ತಾರು ಪಟ್ಟು ಹೆಚ್ಚು ಸ್ಪಂದಿಸುತ್ತವೆ ಎಂದು ಕಂಡುಕೊಂಡದ್ದರ ಫಲ ಅದು. ಗಾಜಿನ ಕೊಳವೆಯ ಎತ್ತರವನ್ನು ಓದುತ್ತಿದ್ದ ಜಾಗದಲ್ಲಿ ಪ್ರತಿ ಬಡಿತದ ಏರಿಳಿತ ಪರದೆಯ ಮೇಲೆ ಅಲೆಯಾಗಿ ಓಡುತ್ತದೆ. ಈ ಸಂವೇದಕಕ್ಕೆ ಒಂದು ಶಿಸ್ತು ಇದೆ. ಅದನ್ನು ರೋಗಿಯ ಹೃದಯದ ಮಟ್ಟಕ್ಕೇ ಕಟ್ಟಬೇಕು, ಮೊದಲು ಹೊರಗಿನ ಗಾಳಿಗೆ ತೆರೆದು ಸೊನ್ನೆ ಮಾಡಿಕೊಳ್ಳಬೇಕು. ಹತ್ತು ಸೆಂಟಿಮೀಟರ್ ಕೆಳಗೆ ಕಟ್ಟಿದರೆ ಸಲೈನಿನ ತೂಕವೇ ಸೇರಿ ಏಳೂವರೆ ಮಿಲಿಮೀಟರ್ ಪಾದರಸದಷ್ಟು ಹೆಚ್ಚು ತೋರಿಸುತ್ತದೆ. ನರ್ಸುಗಳು ಮಂಚದ ಎತ್ತರ ಬದಲಿಸಿದಾಗಲೆಲ್ಲ ಅದನ್ನು ಮತ್ತೆ ಸರಿಪಡಿಸುವುದು ಇದಕ್ಕೇ. ಮಟ್ಟ ತಪ್ಪಿದ ಅಂಕಿ ಅಳತೆಯೇ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ನಂಬಿ ಔಷಧ ಕೊಡುತ್ತಾರೆ. ಒಂದು ಜೀವ, ಒಬ್ಬ ವೈದ್ಯ, ಒಂದು ಅಂಕಿ: ಹೊಣೆ ಯಾರದು ಎಂಬುದರಲ್ಲಿ ಇಲ್ಲಿ ಗೊಂದಲವಿಲ್ಲ.

ಈಗ ನೀರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದೊಡ್ಡ ನದಿಯಿಲ್ಲದೆ ಕೂತ ನಗರ. ಹೆಸರಘಟ್ಟ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದೆ 1974ರಲ್ಲಿ ಕಾವೇರಿಯ ಮೊದಲ ಹಂತ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಮೇಲಕ್ಕೆ ನೀರನ್ನು ಎತ್ತುತ್ತಾರೆ. ಲೆಕ್ಕ ಹಾಕಿದರೆ ಒಟ್ಟು ಎತ್ತುವ ಬಲ 50 ಬಾರ್ ಹತ್ತಿರ, ವಿಕಾಸ್ ಎಂಜಿನ್ನಿನ ಕೋಣೆಯ ಒತ್ತಡಕ್ಕೆ ಸಮೀಪ. ರಾಕೆಟ್ ಎಂಜಿನ್ನಿನ ಒಪ್ಪಂದವಾದ ವರ್ಷವೇ ಕಾವೇರಿ ಈ ನಗರಕ್ಕೆ ಬಂತು ಎಂಬುದು ಆಕಸ್ಮಿಕ, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅದು ಅನುವಾಗುತ್ತದೆ. ಈ ದೊಡ್ಡ ಕೊಳವೆಗಳ ಮೇಲೆ ಒತ್ತಡದ ಅಳತೆಯನ್ನು ಯಾರೂ ನಿರ್ಲಕ್ಷಿಸಲಿಲ್ಲ, ನಿರ್ಲಕ್ಷಿಸುವಂತೆಯೂ ಇಲ್ಲ. ಕರೆಂಟು ಹೋಗಿ ಪಂಪು ಒಮ್ಮೆಲೇ ನಿಂತರೆ ಕೊಳವೆಯೊಳಗಿನ ನೀರು ತಡೆದು ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರನ್ನು ಉಕ್ಕಿನ ಕೊಳವೆಯಲ್ಲಿ ತಟಕ್ಕನೆ ನಿಲ್ಲಿಸಿದರೆ ಏರುವ ಒತ್ತಡ ಸುಮಾರು 100 ಮೀಟರ್ ನೀರಿನಷ್ಟು. ರಷ್ಯದ ಜುಕೊವ್‌ಸ್ಕಿ ಮಾಸ್ಕೊದ ನೀರಿನ ಕೊಳವೆಗಳಲ್ಲಿ 1890ರ ದಶಕದಲ್ಲಿ ಪ್ರಯೋಗ ಮಾಡಿ ಈ ಲೆಕ್ಕ ಕೊಟ್ಟರು. ಮುಖ್ಯ ಕೊಳವೆ ಒಡೆದರೆ ನಷ್ಟ ಜಲಮಂಡಳಿಯದು, ಮರುದಿನದ ಪತ್ರಿಕೆಯ ಮುಖಪುಟದ್ದು. ಅಲ್ಲಿ ಅಳತೆ ಇದೆ.

ಆ ನೀರು ಜಲಾಗಾರ ಸೇರಿ ಜಯನಗರ, ಜೆಪಿ ನಗರ, ಬನಶಂಕರಿಯ ಅಡ್ಡರಸ್ತೆಗಳಿಗೆ ಇಳಿದ ಕೂಡಲೇ ಕತೆ ಬದಲಾಗುತ್ತದೆ. ಒಂದಂತಸ್ತಿನ ಮನೆಯ ನಲ್ಲಿಯಲ್ಲಿ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ನೀರಿನ ಒತ್ತಡ ಉಳಿದಿರಬೇಕು ಎಂದು ಕೇಂದ್ರ ಸರ್ಕಾರದ ನಗರ ನೀರು ಸರಬರಾಜು ಕೈಪಿಡಿ ಬಹಳ ಹಿಂದೆಯೇ ಹೇಳಿತ್ತು. ಹಾಗಿದ್ದರೆ ಮೋಟರಿಲ್ಲದೆಯೇ ನೀರು ಮಹಡಿಗೆ ಏರಬೇಕು. ಇಲ್ಲಿನ ಮನೆಗಳು ಅದನ್ನು ನಂಬಿ ಕಟ್ಟಿದವಲ್ಲ. ಗೇಟಿನ ಒಳಗೆ ನೆಲದಡಿಯಲ್ಲಿ ಸಂಪು, ಅದರ ಮೇಲೆ ಕಬ್ಬಿಣದ ಮುಚ್ಚಳ, ಮೆಟ್ಟಿಲ ಕೆಳಗೆ ಅರ್ಧ ಅಥವಾ ಒಂದು ಎಚ್‌ಪಿ ಮೋಟರು, ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕು: ಇದು ದಕ್ಷಿಣ ಬೆಂಗಳೂರಿನ ಮನೆಯ ಅಂಗರಚನೆ. ಸಂಪಿಗೆ ನೀರು ಬೀಳಲು ಕೊಳವೆಯಲ್ಲಿ ಒಂದೆರಡು ಮೀಟರ್ ಒತ್ತಡ ಇದ್ದರೂ ಸಾಕು. ಆರೋಗ್ಯವಂತ ಹೃದಯದ ಒತ್ತಡವೂ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಎತ್ತಿ ನಿಲ್ಲಿಸಬಲ್ಲದು. ಅಂದರೆ ನಗರದ ಜಾಲ ಕೊಡಬೇಕಾಗಿದ್ದ ಒತ್ತಡವನ್ನು ಪ್ರತಿ ಮನೆಯೂ ತನ್ನ ಸಿಮೆಂಟು, ತನ್ನ ಮೋಟರು, ತನ್ನ ಬೆಸ್ಕಾಂ ವಿದ್ಯುತ್ ಬಿಲ್ಲಿನಿಂದ ಮತ್ತೆ ಕೊಂಡುಕೊಂಡಿತು. ಜಾಲದ ಒತ್ತಡ ಕುಸಿದರೆ ಒಬ್ಬರ ಮೇಲೆ ದೊಡ್ಡ ನಷ್ಟ ಬೀಳುವುದಿಲ್ಲ. ಸಾವಿರಾರು ಮನೆಗಳ ಮೇಲೆ ಚೂರುಚೂರಾಗಿ ಹಂಚಿಹೋಗುತ್ತದೆ. ಒಂದು ಮನೆಗೆ ಸಂಪು ತುಂಬಲು ಒಂದು ಗಂಟೆ ಹೆಚ್ಚು, ಇನ್ನೊಂದಕ್ಕೆ ತಿಂಗಳಿಗೆ ಎರಡು ಟ್ಯಾಂಕರ್. ಚೂರಾದ ನಷ್ಟಕ್ಕೆ ಲೆಕ್ಕ ಬರೆಯುವವರು ಇರುವುದಿಲ್ಲ, ಹಾಗಾಗಿ ಅಳತೆಯ ಉಪಕರಣವೂ ಅಲ್ಲಿಗೆ ಬರಲಿಲ್ಲ. ಈ ಬರಹದ ಮುಖ್ಯ ಮಾತು ಇದು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಬೆಲೆ. 1970ರ ದಶಕದಲ್ಲಿ ಒಂದೊಂದನ್ನೂ ಕೈಯಲ್ಲೇ ಹದಗೊಳಿಸಿದ ಟ್ರಾನ್ಸ್‌ಡ್ಯೂಸರನ್ನು ಅಡ್ಡರಸ್ತೆಯ ಗುಂಡಿಯಲ್ಲಿ ಇಡುವುದು ಹುಚ್ಚುತನವಾಗುತ್ತಿತ್ತು, ಒಪ್ಪಬೇಕು. ಆದರೆ ಸಿಲಿಕಾನ್ ಪೊರೆಗಳು ಸಾವಿರಗಟ್ಟಲೆ ಒಂದೇ ಬಿಲ್ಲೆಯಲ್ಲಿ ತಯಾರಾಗತೊಡಗಿದ ಮೇಲೆ, ಕಾರು ಕಂಪನಿಗಳು ಅವನ್ನು ಲಕ್ಷಗಟ್ಟಲೆ ಕೊಳ್ಳತೊಡಗಿದ ಮೇಲೆ, ಆ ಮಾತು ಉಳಿಯಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಔಷಧದಂಗಡಿಯಲ್ಲಿ ಮನೆಬಳಕೆಗೆ ಸಿಗುವ ಬಿಪಿ ಯಂತ್ರದೊಳಗೂ ಒಂದು ಒತ್ತಡದ ಚಿಪ್ಪು ಇದೆ. ಇಂದು ದುಬಾರಿಯಾದದ್ದು ಸಂವೇದಕವಲ್ಲ, ಅದರ ಸುತ್ತಲಿನದು: ರಸ್ತೆ ಅಗೆದು ಕಟ್ಟುವ ಗುಂಡಿ, ಮಳೆನೀರು ನುಗ್ಗದ ಗೂಡು, ಬ್ಯಾಟರಿ, ವರ್ಷಕ್ಕೊಮ್ಮೆ ಸೊನ್ನೆ ಪರೀಕ್ಷಿಸುವ ಕೈ. ಹೊಲಿಗೆಯಂತೆ ಬಿಡದೆ ಮಾಡಬೇಕಾದ ಈ ನಿರ್ವಹಣೆಯೇ ನಿಜವಾದ ಖರ್ಚು ಎಂದು ಎಂಜಿನಿಯರುಗಳು ಹೇಳಿದರೆ ಅದು ಸರಿ. ಆದರೆ ಅದು ಹೊಣೆಯ ಖರ್ಚು. ಆಸ್ಪತ್ರೆಯಲ್ಲಿ ನರ್ಸು ದಿನಕ್ಕೆ ಹಲವು ಸಲ ಮಾಡುವ ಕೆಲಸ ಅದು.

ಎರಡನೆಯ ಆಕ್ಷೇಪ ವಾಲ್ವ್‌ಮ್ಯಾನ್‌ಗಳ ಪರವಾಗಿ ಬರುತ್ತದೆ. ಟಿ ಆಕಾರದ ಉದ್ದ ಕೀಲಿಯನ್ನು ರಸ್ತೆಯ ಗುಂಡಿಯೊಳಗೆ ಇಳಿಸಿ, ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ಎಷ್ಟು ನೀರು ಎಂದು ನೆನಪಿನಿಂದಲೇ ಬಲ್ಲವರು ಅವರು. ಕೀಲಿಯ ಬಿಗಿತದಿಂದ, ಕೊಳವೆಯ ಸದ್ದಿನಿಂದ ಒತ್ತಡವನ್ನು ಅರಿಯುತ್ತಾರೆ. ಹಳೆಯ ನೀರುಗಂಟಿಯ ವಾರಸುದಾರರು. ಅವರಿರುವಾಗ ಸಂವೇದಕ ಏಕೆ ಎಂದು ಕೇಳುವವರಿಗೆ ಆ ಅರಿವನ್ನು ನಾನು ಕಿಂಚಿತ್ತೂ ಕಡಿಮೆ ಮಾಡಿ ಹೇಳಲಾರೆ. ಬೆಂಗಳೂರಿನ ನೀರು ಇಷ್ಟು ವರ್ಷ ಹಂಚಿಕೆಯಾದದ್ದು ಅವರ ತಲೆಯೊಳಗಿನ ನಕ್ಷೆಯಿಂದ. ಆದರೆ ಆ ನಕ್ಷೆ ನಿವೃತ್ತಿಯ ದಿನ ಅವರೊಂದಿಗೇ ಮನೆಗೆ ಹೋಗುತ್ತದೆ. ವಾಲ್ವಿನ ಬಳಿ ಏನಿದೆ ಎಂಬುದು ಅವರಿಗೆ ಗೊತ್ತು, ಬೀದಿಯ ಕೊನೆಯಲ್ಲಿ ಏನಿದೆ ಎಂಬುದು ದೂರಿನ ಮೂಲಕವೇ ಗೊತ್ತಾಗಬೇಕು. ‘ನಮ್ಮ ಕಡೆ ಫೋರ್ಸೇ ಇಲ್ಲ’ ಎಂದು ಫೋನ್ ಮಾಡಿ ಕೇಳಿಸಿಕೊಳ್ಳುವಂತೆ ಮಾತಾಡಬಲ್ಲವರ ಮನೆಗೂ, ಬಾಡಿಗೆ ಕೋಣೆಯಲ್ಲಿದ್ದು ಕೊಡ ಹಿಡಿದು ಕಾಯುವವರ ಮನೆಗೂ ದೂರಿನ ತೂಕ ಒಂದೇ ಆಗಿರುವುದಿಲ್ಲ. ಭೂಮಿಯ ಏರಿಳಿತವೂ ಇದಕ್ಕೆ ಸೇರುತ್ತದೆ. ನೆಲ 7 ಮೀಟರ್ ಏರಿದರೆ 7 ಮೀಟರ್ ಒತ್ತಡ ಅಲ್ಲೇ ಕರಗಿಹೋಯಿತು. ದಿಬ್ಬ ತಗ್ಗುಗಳ ಈ ಬಡಾವಣೆಗಳಲ್ಲಿ ಜಲಾಗಾರದ ಬಳಿಯ ಒಂದು ಅಂಕಿ ಅಡ್ಡರಸ್ತೆಯ ತುದಿಯ ಬಗ್ಗೆ ಏನೂ ಹೇಳುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ವಾರದಲ್ಲಿ ಕೆಲವೇ ದಿನ, ಕೆಲವೇ ಗಂಟೆ ನೀರು ಬಿಡುವ ಜಾಲದಲ್ಲಿ ಒತ್ತಡ ಅಳೆದು ಸಿಗುವುದೇನು, ಬಹುಪಾಲು ಹೊತ್ತು ಸೊನ್ನೆಯೇ ಅಲ್ಲವೇ? ಉತ್ತರ ಹುಬ್ಬಳ್ಳಿ ಧಾರವಾಡದಲ್ಲಿದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ 2008ರ ಹೊತ್ತಿಗೆ ಆ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು, ಉಳಿದ ವಾರ್ಡುಗಳು ಹಳೆಯಂತೆ ಕೆಲವು ದಿನಕ್ಕೊಮ್ಮೆ ನೀರು ಕಂಡವು. ಒಂದೇ ಊರು, ಒಂದೇ ನೀರು, ಎರಡು ಪದ್ಧತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಅಲ್ಲಿ ನಡೆಸಿದ ಅಧ್ಯಯನಗಳು 2013 ಮತ್ತು 2014ರಲ್ಲಿ ಪ್ರಕಟವಾದವು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲದ ಸೂಕ್ಷ್ಮಜೀವಿಗಳ ಕುರುಹು ಹೆಚ್ಚಾಗಿ ಸಿಕ್ಕಿತು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ, ಒತ್ತಡ ಕಡಿಮೆಯಿದ್ದಾಗ, ಅದು ಇನ್ನಷ್ಟು ಹೆಚ್ಚಿತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಕಡಿಮೆಯಾದಾಗ ಪಕ್ಕದ ಚರಂಡಿಯದು ಒಳಗೆ ಬರುತ್ತದೆ. ಯಾರಾದರೂ ಮಂಡಳಿಯ ಲೈನಿಗೆ ನೇರವಾಗಿ ಮೋಟರು ಹಾಕಿ ಎಳೆದರೆ, ಅದು ನಿಷಿದ್ಧವಾದರೂ ನಡೆದೇ ಇದೆ, ಕೊಳವೆಯ ಒಳಗೆ ಹೀರುವ ಬಲವೇ ಹುಟ್ಟುತ್ತದೆ. ಹಾಗಾಗಿ ಸೊನ್ನೆ ಒತ್ತಡದ ಗಂಟೆಗಳೇ ಅಪಾಯದ ಗಂಟೆಗಳು. ಅವುಗಳ ದಾಖಲೆ ಇಲ್ಲದೆ ಒಂದು ಬೀದಿಯ ವಾಂತಿಭೇದಿಗೂ ಆ ಬೀದಿಯ ಕೊಳವೆಗೂ ಇರುವ ನಂಟನ್ನು ಹಿಡಿಯಲಾಗದು. ಸಂಕೇತ ರವಾನಿಸುವ ಕೈಗಾರಿಕಾ ಪದ್ಧತಿಯಲ್ಲಿ ಸೊನ್ನೆ ಒತ್ತಡಕ್ಕೆ 4 ಮಿಲಿಆಂಪಿಯರ್, ಪೂರ್ಣ ಒತ್ತಡಕ್ಕೆ 20 ಮಿಲಿಆಂಪಿಯರ್ ಎಂದು ಇಟ್ಟಿರುವುದರ ಹಿಂದೆ ಇದೇ ವಿವೇಕವಿದೆ. ತಂತಿ ತುಂಡಾಗಿ ಏನೂ ಬರದಿರುವುದು ಬೇರೆ, ಸಂವೇದಕ ಜೀವಂತವಿದ್ದು ‘ಇಲ್ಲಿ ಒತ್ತಡ ಸೊನ್ನೆ’ ಎಂದು ಹೇಳುವುದು ಬೇರೆ.

ಜಲಮಂಡಳಿ ಇದನ್ನು ಅರಿಯದೇ ಇಲ್ಲ. ಲೆಕ್ಕಕ್ಕೆ ಸಿಗದೆ ಹೋಗುವ ನೀರು ಒಂದು ಕಾಲಕ್ಕೆ ನೂರಕ್ಕೆ ನಲವತ್ತನ್ನೂ ದಾಟಿತ್ತು. ಅದನ್ನು ತಗ್ಗಿಸಲು 2010ರ ದಶಕದಲ್ಲಿ ದಕ್ಷಿಣ ವಿಭಾಗವೂ ಸೇರಿ ಕೆಲವೆಡೆ ಜಾಲವನ್ನು ಸಣ್ಣ ಸಣ್ಣ ಅಳತೆಯ ವಲಯಗಳಾಗಿ ಒಡೆದು, ಪ್ರತಿ ವಲಯದ ಬಾಯಲ್ಲಿ ಹರಿವಿನ ಮೀಟರು ಕೂರಿಸುವ ಕೆಲಸ ನಡೆಯಿತು. ಇಲ್ಲೂ ತರ್ಕ ಹಳೆಯದೇ. ಕಾಣೆಯಾದ ನೀರು ಮಂಡಳಿಯ ಆದಾಯದ ನಷ್ಟ, ಆದ್ದರಿಂದ ಮೀಟರು ವಲಯದ ಬಾಯಿಗೆ ಬಂತು. ಕುಸಿದ ಒತ್ತಡ ಮನೆಯವರ ನಷ್ಟ, ಆದ್ದರಿಂದ ವಲಯದ ತುದಿ ಇನ್ನೂ ಕಾಯುತ್ತಿದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ಸಾಮರ್ಥ್ಯ ಸೇರಿತು. ನೀರಿನ ಪ್ರಮಾಣ ಹೆಚ್ಚಿದರೆ ಒತ್ತಡ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ 1974ರಿಂದ ಪ್ರತಿ ಹಂತದಲ್ಲೂ ಕೇಳಿಬಂದದ್ದು, ಪ್ರತಿ ಹಂತದ ನಂತರವೂ ಸಂಪುಗಳನ್ನು ತೋಡುವುದು ನಿಂತಿಲ್ಲ. ರೂಗೆ ನೀರಿನ ಟ್ಯಾಂಕಿಗಾಗಿ ಕಂಡುಹಿಡಿದದ್ದು, ಬೆಂಗಳೂರಿನ ಕೈಗಳು ರಾಕೆಟ್ಟಿಗಾಗಿ ಪಳಗಿಸಿದ್ದು ಬನಶಂಕರಿ ಮೂರನೇ ಹಂತದ ಒಂದು ಅಡ್ಡರಸ್ತೆಯ ಕಟ್ಟಕಡೆಯ ಮನೆಯ ಗೇಟಿನ ಬಳಿ ಕೂತು, ಪ್ರತಿ ಹದಿನೈದು ನಿಮಿಷಕ್ಕೆ ಒಂದು ಅಂಕಿಯನ್ನು ಕಳಿಸಿ, ಆ ಅಂಕಿ ವಾರ್ಡ್ ಸಮಿತಿಯ ಸಭೆಯಲ್ಲಿ ಎಲ್ಲರ ಮುಂದೆ ಓದಲು ಸಿಗುವಂತಾದರೆ, 7 ಮೀಟರ್ ಎಂಬ ಸರ್ಕಾರಿ ಕೈಪಿಡಿಯ ಮಾತು ಮೊದಲ ಬಾರಿಗೆ ಪ್ರಶ್ನಿಸಬಹುದಾದ ಭರವಸೆಯಾಗುತ್ತದೆ. ಮೊದಲ ಕೆಲವು ತಿಂಗಳು ಆ ಅಂಕಿ ಮಂಡಳಿಗೆ ಮುಜುಗರ ತರುತ್ತದೆ, ಖಂಡಿತ. ಎಂಜಿನ್ ಪರೀಕ್ಷೆಯ ಮೊದಲ ಅಂಕಿಗಳೂ ಯಾರಿಗೂ ಹಿತವಾಗಿರುವುದಿಲ್ಲ, ಅವನ್ನು ನೋಡಿಯೇ ಮುಂದಿನ ಎಂಜಿನ್ ತಯಾರಾಗುವುದು.